ಸೋತ ಮೇಲೆ ನಿಮ್ಮ ಬೆಲೆ ಕಟ್ಟುವವರು ಯಾರು? ವಿಶ್ವಾಸಿಗಳಿಗೊಂದು ಮಾರ್ಗದರ್ಶಿ

ನಿರಾಶೆಯಲ್ಲಿ ಬಿದ್ದವರ ಕೈಗೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಎಲ್ಲಕ್ಕೂ ಮೊದಲು ಬರುವುದು ಬೈಬಲಿನ ಒಂದು ವಾಗ್ದಾನ ವಚನ. ವಚನ ತಪ್ಪಲ್ಲ, ಸರದಿ ತಪ್ಪು. ನೇಮಕಾತಿ ಪಟ್ಟಿಯಲ್ಲಿ ಹೆಸರು ಬರಲಿಲ್ಲ, ನಿಶ್ಚಯವಾಗಿದ್ದ ಮದುವೆ ಮುರಿಯಿತು, ಬಳ್ಳಾರಿಯ ಜೀನ್ಸ್ ಘಟಕದಲ್ಲಿದ್ದ ಹೊಲಿಗೆ ಕೆಲಸ ಹೋಯಿತು, ಮಾನ್ವಿ ಕಡೆ ಲೀಜಿಗೆ ಹಿಡಿದ ಗದ್ದೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆತನಕ ಮುಟ್ಟಲಿಲ್ಲ. ಇಂಥದ್ದು ಆದಾಗ ಎರಡು ಪೆಟ್ಟು ಒಟ್ಟಿಗೆ ಬೀಳುತ್ತವೆ. ಕೈತಪ್ಪಿದ್ದು ಒಂದು, ‘ನಾನು ಯಾವುದಕ್ಕೂ ಬಾರದವ’ ಎಂಬ ತೀರ್ಪು ಇನ್ನೊಂದು. ಕೈತಪ್ಪಿದ್ದನ್ನು ಈ ಬರಹ ತಂದುಕೊಡಲಾರದು. ಇಲ್ಲಿ ಹೇಳುವುದು ಎರಡನೆಯದನ್ನು ಹೇಗೆ ಕಳಚಬೇಕು ಎನ್ನುವುದನ್ನು ಮಾತ್ರ.

ಕ್ಯಾಥೊಲಿಕ್ ಧರ್ಮಕೇಂದ್ರವಿರಲಿ, ಮೆಥೊಡಿಸ್ಟ್ ಸಭೆಯಿರಲಿ, ತಗಡಿನ ಶೆಡ್ಡಿನಲ್ಲಿ ಸೇರುವ ಸ್ವತಂತ್ರ ಸಭೆಯಿರಲಿ, ಹೆಜ್ಜೆಗಳು ಇವೇ. ಸರದಿ ಮಾತ್ರ ತಪ್ಪಿಸಬೇಡಿ.

ಮೊದಲು ರೊಟ್ಟಿ, ನೀರು, ನಿದ್ದೆ

1 ಅರಸುಗಳು 19ನೇ ಅಧ್ಯಾಯ ತೆಗೆಯಿರಿ. ಪ್ರವಾದಿ ಎಲೀಯ ಅಡವಿಯಲ್ಲಿ ಒಂದು ದಿನದ ದಾರಿ ನಡೆದು, ಜಾಲಿಗಿಡದ ಕೆಳಗೆ ಕೂತು, ಸಾವು ಬರಲಿ ಎಂದು ಬೇಡುತ್ತಾನೆ. ‘ನನ್ನ ಪಿತೃಗಳಿಗಿಂತ ನಾನೇನೂ ಮೇಲಲ್ಲ’ ಎನ್ನುತ್ತಾನೆ. ತನ್ನ ಬೆಲೆ ತಾನೇ ಕಟ್ಟಿಕೊಂಡ ಮಾತು ಅದು. ಅದಕ್ಕೆ ದೇವರು ಉಪದೇಶ ಮಾಡಲಿಲ್ಲ, ‘ನಿನ್ನ ನಂಬಿಕೆ ಎಲ್ಲಿ ಹೋಯಿತು’ ಎಂದೂ ಕೇಳಲಿಲ್ಲ. ಎಲೀಯ ಮಲಗಿದ. ದೂತ ತಟ್ಟಿ ಎಬ್ಬಿಸಿದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಇನ್ನೊಮ್ಮೆ ಎಬ್ಬಿಸಿ ಇನ್ನೊಮ್ಮೆ ಉಣ್ಣಿಸಿದ ದೂತ, ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದ. ‘ಇಲ್ಲಿ ಏನು ಮಾಡುತ್ತಿದ್ದೀ?’ ಎಂಬ ಪ್ರಶ್ನೆ ಬಂದದ್ದು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

ಹಾಗಾಗಿ ಮೊದಲ ಮೂರು ದಿನ ಮಾಡಬೇಕಾದದ್ದು ಕಡಿಮೆ. ಹಸಿವಿರಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಎರಡು ಊಟ. ರಾತ್ರಿ ಹತ್ತರೊಳಗೆ ಹಾಸಿಗೆ. ನಿದ್ದೆ ಬರದಿದ್ದರೂ ಒರಗಿಕೊಳ್ಳಿ. ಫಲಿತಾಂಶದ ವಾಟ್ಸಾಪ್ ಗುಂಪುಗಳನ್ನು ಮ್ಯೂಟ್ ಮಾಡಿ. ರಾಜೀನಾಮೆ, ಜಮೀನು ಮಾರಾಟ, ಊರು ಬಿಡುವುದು, ಉತ್ತರವಾಗಿ ಉದ್ದನೆಯ ಮೆಸೇಜು, ಯಾವುದನ್ನೂ ಈ ದಿನಗಳಲ್ಲಿ ತೀರ್ಮಾನಿಸಬೇಡಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಇದ್ದರೆ ಒಂದು ಹೊತ್ತೂ ತಪ್ಪಿಸಬೇಡಿ.

ಇಲ್ಲಿ ತಪ್ಪುವುದು ಒಂದೇ ಕಡೆ: ಉಪವಾಸ. ಪೆಟ್ಟು ಬಿದ್ದ ಮರುದಿನವೇ ಮೂರು ದಿನದ ಉಪವಾಸ ಪ್ರಾರ್ಥನೆ, ಇಡೀ ರಾತ್ರಿ ಕೂಟ ಎಂದು ಹೊರಡುವವರು ಬಹಳ. ಹಸಿದ, ನಿದ್ದೆಗೆಟ್ಟ ತಲೆಯಲ್ಲಿ ಕೆಟ್ಟ ಯೋಚನೆ ಇನ್ನಷ್ಟು ಕಪ್ಪಾಗುತ್ತದೆ. ಅದನ್ನೇ ದೇವರ ಮೌನ ಎಂದು ತಿಳಿದುಕೊಳ್ಳುತ್ತಾರೆ. ಉಪವಾಸಕ್ಕೆ ಅದರದೇ ಕಾಲವಿದೆ. ಈ ವಾರವಂತೂ ಅದಲ್ಲ.

ಆಸ್ಪತ್ರೆಯ ಮಾತು ಈಗಲೇ ಹೇಳಿಬಿಡುವುದು ಒಳ್ಳೆಯದು

ಕೊನೆಯಲ್ಲಿ ಹೇಳಿದರೆ ಯಾರೂ ಓದುವುದಿಲ್ಲ. ಎರಡು ವಾರ ಕಳೆದರೂ ಹೆಚ್ಚಿನ ಹೊತ್ತು ಮನಸ್ಸು ಕುಸಿದೇ ಇದ್ದರೆ, ಯಾವುದರಲ್ಲೂ ರುಚಿ ಇಲ್ಲದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಅದು ಬರೀ ಬೇಸರವಲ್ಲ. ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎನ್ನುವ ವೈದ್ಯಕೀಯ ಕಾಲೇಜು ಆಸ್ಪತ್ರೆ, ಎಲ್ಲಿಯೇ ಆಗಲಿ ಹೊರರೋಗಿ ಚೀಟಿ ಮಾಡಿಸಿ ಮನೋರೋಗ ವಿಭಾಗ ಎಂದು ಕೇಳಿ. ನಾಚಿಕೆ ಪಡುವವರಿಗೆ ಒಂದು ಮಾತು: 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆಗಳಿಗೆ ಚಿಕಿತ್ಸೆ ನಡೆಸಿತು. ಆ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ದೇಶ ಈ ಪಾಠ ಕಲಿತದ್ದು ನಮ್ಮ ಸೀಮೆಯಲ್ಲಿ. ನಾವು ಹಿಂದೆ ಸರಿದು ನಿಲ್ಲುವುದು ಸರಿಯಲ್ಲ.

ಮಾತ್ರೆ ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ. ‘ಪ್ರಾರ್ಥನೆ ಆಯ್ತು, ಇನ್ನ ಗುಳಿಗಿ ಬಿಡು’ ಎಂದು ಯಾರೇ ಹೇಳಿದರೂ ವೈದ್ಯರನ್ನು ಕೇಳದೆ ಬಿಡಬೇಡಿ.

ಸಾಯಬೇಕು ಎನ್ನುವ ಯೋಚನೆ ಒಮ್ಮೆ ಸುಳಿದರೂ ಎರಡು ವಾರ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಹಗಲು ರಾತ್ರಿ ಇರುತ್ತದೆ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯವರು ಅಂಥವರನ್ನು ಒಬ್ಬರೇ ಬಿಡಬಾರದು. ಹತ್ತಿಗೆ, ಮೆಣಸಿನಕಾಯಿಗೆ ಹೊಡೆಯುವ ಎಣ್ಣೆಯ (ಕೀಟನಾಶಕದ) ಡಬ್ಬಿಗಳು ಮನೆಯಲ್ಲಿದ್ದರೆ ಅವತ್ತೇ ಬೇರೆಯವರ ಮನೆಗೆ ಸಾಗಿಸಿ. ಆ ಗಳಿಗೆ ದಾಟಿಸಿದರೆ ಜೀವ ಉಳಿಯುವುದೇ ಹೆಚ್ಚು.

ಒಂದು ಹಾಳೆ, ನಡುವೆ ಒಂದು ಗೆರೆ

ನಾಲ್ಕನೇ ದಿನಕ್ಕೆ ಒಂದು ನೋಟುಬುಕ್ಕು ತನ್ನಿ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ‘ಆದದ್ದು’, ಬಲಕ್ಕೆ ‘ನನಗೆ ನಾನು ಹೇಳಿಕೊಂಡದ್ದು’ ಎಂದು ಬರೆಯಿರಿ. ‘ಕಟ್-ಆಫ್‌ಗಿಂತ ನನ್ನ ಅಂಕ ಕಡಿಮೆ ಇತ್ತು’ ಎನ್ನುವುದು ಎಡಕ್ಕೆ. ‘ನಮ್ಮಂಥೋರ ಕೈಲಿ ಇದೆಲ್ಲ ಆಗಂಗಿಲ್ಲ’ ಎನ್ನುವುದು ಬಲಕ್ಕೆ. ‘ಹುಡುಗನ ಮನೆಯವರು ಬೇಡ ಎಂದರು’ ಎಡಕ್ಕೆ, ‘ನನ್ನನ್ನು ಯಾರೂ ಒಪ್ಪುವುದಿಲ್ಲ’ ಬಲಕ್ಕೆ. ಯಾವುದು ಎಲ್ಲಿಗೆ ಎಂಬ ಗೊಂದಲ ಬಂದರೆ ಇದನ್ನು ಕೇಳಿಕೊಳ್ಳಿ: ನಿಮ್ಮ ಪರಿಚಯವೇ ಇಲ್ಲದವನು ಕಾಗದಪತ್ರ ನೋಡಿ ಇದನ್ನು ಹೌದು ಎನ್ನಬಲ್ಲನೇ? ಹೌದಾದರೆ ಎಡ, ಅಲ್ಲವಾದರೆ ಬಲ.

ಬಲಗಡೆಯ ಒಂದೊಂದು ಸಾಲಿನ ಪಕ್ಕದಲ್ಲೂ ಅದು ಯಾರ ದನಿಯಲ್ಲಿ ಕೇಳಿಸುತ್ತದೆ ಎಂದು ಬರೆಯಿರಿ. ದೇವರೇ ಹೀಗೆ ಹೇಳುತ್ತಿದ್ದಾನೆ ಎಂದು ನಂಬಿದ್ದ ಸಾಲು ಸೋದರಮಾವನದ್ದೋ ಎಂಟನೇ ಕ್ಲಾಸಿನ ಮಾಸ್ತರದ್ದೋ ಎಂದು ಗೊತ್ತಾಗುವುದು ಅಪರೂಪವಲ್ಲ.

ಈಗ ಮತ್ತಾಯ 3:17 ಮತ್ತು 4:3 ಒಂದರ ಹಿಂದೊಂದು ಓದಿ. ಯೇಸು ದೀಕ್ಷಾಸ್ನಾನ ಮಾಡಿಸಿಕೊಂಡು ನೀರಿನಿಂದ ಮೇಲೆ ಬಂದಾಗ ‘ಈತನು ಪ್ರಿಯನಾಗಿರುವ ನನ್ನ ಮಗನು’ ಎಂಬ ಮಾತು ಕೇಳಿಸುತ್ತದೆ. ಅಲ್ಲಿಯವರೆಗೆ ಆತ ಒಂದು ಅದ್ಭುತ ಮಾಡಿಲ್ಲ, ಒಂದು ಪ್ರಸಂಗ ಮಾಡಿಲ್ಲ, ಒಬ್ಬ ಶಿಷ್ಯನನ್ನೂ ಕರೆದಿಲ್ಲ. ವಯಸ್ಸು ಸುಮಾರು ಮೂವತ್ತು ಎಂದು ಲೂಕ ಹೇಳುತ್ತಾನೆ. ಅಂದರೆ ಬೆಲೆಯ ಮಾತು ಮೊದಲು ಬಂತು, ಕೆಲಸ ಆಮೇಲೆ. ಮರುಅಧ್ಯಾಯದಲ್ಲೇ ಶೋಧಕನಾದ ಸೈತಾನ ಬಂದು ‘ನೀನು ದೇವರ ಮಗನಾಗಿದ್ದರೆ’ ಎಂದು ಶುರುಮಾಡುತ್ತಾನೆ. ಕೊಟ್ಟುಬಿಟ್ಟದ್ದನ್ನು ಪರೀಕ್ಷೆಗೆ ಇಡುತ್ತಾನೆ. ನಿಮ್ಮ ಬಲಗಡೆಯ ಸಾಲುಗಳನ್ನು ನೋಡಿ. ‘ದೇವರು ನನ್ನನ್ನು ಪ್ರೀತಿಸುತ್ತಿದ್ದರೆ ಈ ಕೆಲಸ ಸಿಗುತ್ತಿತ್ತು’, ‘ನನ್ನ ನಂಬಿಕೆ ಗಟ್ಟಿಯಾಗಿದ್ದರೆ ಹೀಗಾಗುತ್ತಿರಲಿಲ್ಲ’. ಎಲ್ಲವೂ ಅದೇ ‘ಇದ್ದರೆ’. ಅಂಥ ಸಾಲಿನ ಕೆಳಗೆ ಗೆರೆ ಹಾಕಿ. ಅಳಿಸಬೇಡಿ, ಮುಂದೆ ಬೇಕಾಗುತ್ತದೆ.

ಎಡಗಡೆಯಲ್ಲಿ ನಿಮ್ಮದೇ ತಪ್ಪು ಕೂತಿದ್ದರೆ ಅದನ್ನು ಮುಚ್ಚಬೇಡಿ. ಸಂಘದ ದುಡ್ಡು ತಿಂದದ್ದು, ಸುಳ್ಳು ಹೇಳಿ ಸಂಬಂಧ ಬೆಳೆಸಿದ್ದು, ಇವಕ್ಕೆ ಬೇಕಾದದ್ದು ಸಮಾಧಾನವಲ್ಲ. ಒಪ್ಪಿಕೊಳ್ಳುವುದು ಮತ್ತು ತಿರುಗಿ ಕೊಡುವುದು. ಕ್ಯಾಥೊಲಿಕರಿಗೆ ಪಾಪನಿವೇದನೆ ಇದೆ. ಉಳಿದವರು ಸಭಾಪಾಲಕರ ಹತ್ತಿರ ಹೇಳಬಹುದು. ಲೂಕ 19ರಲ್ಲಿ ಸುಂಕದವನಾದ ಜಕ್ಕಾಯ ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎಂದದ್ದು ಯೇಸು ‘ನಿನ್ನ ಮನೆಗೆ ಬರುತ್ತೇನೆ’ ಎಂದ ಮೇಲೆ, ಅದಕ್ಕೆ ಮುಂಚೆ ಅಲ್ಲ. ಇಲ್ಲಿಯೂ ಅದೇ ಸರದಿ.

ಆರು ವಚನದ ಅಳಲು

ಮುಂದಿನ ಏಳು ದಿನ, ದಿನಕ್ಕೆ ಹತ್ತು ನಿಮಿಷ, ಕೀರ್ತನೆ 13. ಬರೀ ಆರು ವಚನ. ಮೊದಲೆರಡರಲ್ಲಿ ದೂರು, ನಡುವಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ‘ಎಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಅದೇ ಅಚ್ಚಿನಲ್ಲಿ ನಿಮ್ಮದೊಂದು ಬರೆಯಿರಿ: ‘ಎಷ್ಟು ದಿನ’ ಎಂದು ಶುರುವಾಗುವ ನಾಲ್ಕು ಸಾಲು, ಏನು ಬೇಕು ಎಂದು ಎರಡು ಸಾಲು. ಊರ ಹೆಸರು, ಇಲಾಖೆಯ ಹೆಸರು, ಸಾಲದ ಮೊತ್ತ ಎಲ್ಲ ಇರಲಿ. ‘ಕರ್ತನೇ, ಕಷ್ಟ ಪರಿಹರಿಸು’ ಎಂಬ ಮೊಂಡು ಸಾಲಿನಿಂದ ಪ್ರಯೋಜನವಿಲ್ಲ. ಬರೆದದ್ದನ್ನು ದನಿ ತೆಗೆದು ಓದಿ. ಮನೆಯಲ್ಲಿ ಜಾಗವಿಲ್ಲದಿದ್ದರೆ ಹೊಲದ ಬದುವಿಗೆ ಹೋಗಿ.

ಕೊನೆಯ ಎರಡು ಸಾಲು, ಭರವಸೆಯವು, ಬಂದರೆ ಬರೆಯಿರಿ. ಬರದಿದ್ದರೆ ಖಾಲಿ ಬಿಡಿ. ಕೀರ್ತನೆ 88 ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅದಕ್ಕೊಂದು ಸುಖಾಂತ ಅಂಟಿಸಬೇಕೆಂದು ಯಾರಿಗೂ ಅನಿಸಲಿಲ್ಲ. ‘ಗೊಣಗಬಾರದು, ಸ್ತೋತ್ರ ಹೇಳಬೇಕು’ ಎನ್ನುವವರಿಗೆ, ನೂರೈವತ್ತು ಕೀರ್ತನೆಗಳಲ್ಲಿ ಮೂರನೇ ಒಂದು ಭಾಗದಷ್ಟು ಇಂಥ ಅಳಲೇ ಎಂದು ಹೇಳಬಹುದು. ಹೇಳದೆ ಸುಮ್ಮನಿದ್ದರೂ ನಡೆಯುತ್ತದೆ.

ಮನೆಯಲ್ಲಿ ಯಾವ ಮಾತೋ ಅದರಲ್ಲೇ ಬರೆಯಿರಿ. ರಾಯಚೂರು, ಬಳ್ಳಾರಿಯ ಎಷ್ಟೋ ಮನೆಗಳಲ್ಲಿ ತೆಲುಗು. ಉಳಿದೆಡೆ ನಮ್ಮ ‘ಹೋಗಾಕತ್ತೀನಿ, ಬರಾಕತ್ತೀನಿ’ ಕನ್ನಡ. ಬೈಬಲಿನ ಗ್ರಾಂಥಿಕ ಕನ್ನಡದಲ್ಲಿ ಅಳಲು ಹೋದರೆ ಅಳು ಬರುವುದಿಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು, ಜೊತೆಯವರೊಂದಿಗೆ ಬೈಬಲ್ ಅನುವಾದಕ್ಕೆ ಕೂತದ್ದೇ ದೇವರ ಜೊತೆಗಿನ ಮಾತುಕತೆ ಜನರ ಭಾಷೆಯಲ್ಲಿ ನಡೆಯಲಿ ಎಂದು.

ವಚನಕ್ಕೆ ಈಗ ಬನ್ನಿ

ಹೊಸ ವರ್ಷದ ರಾತ್ರಿ ಎತ್ತಿಕೊಂಡ ವಾಗ್ದಾನ ಕಾರ್ಡನ್ನು ಸ್ವಲ್ಪ ದಿನ ಬೈಬಲಿನೊಳಗೇ ಇಡಿ. ಒಂದೇ ವಚನ ಕಿತ್ತು ತಂದರೆ ಅದು ಕೊಡದ ಭರವಸೆಯನ್ನು ನಾವೇ ತುಂಬಿಕೊಳ್ಳುತ್ತೇವೆ. ಅದು ನಡೆಯದಿದ್ದಾಗ ಎರಡನೇ ನಿರಾಶೆ. ಯೆರೆಮೀಯ 29:11 ಅಂಥದ್ದು. ನಿಮಗೆ ಒಳ್ಳೆಯ ಗತಿ, ನಿರೀಕ್ಷೆ ಇದೆ ಎನ್ನುವ ಆ ಮಾತು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದಲ್ಲಿದೆ. ಅದರ ಹಿಂದಿನ ವಚನ ಹೇಳುವ ಅವಧಿ ಎಪ್ಪತ್ತು ವರ್ಷ. ಮೇಲೆ 5ರಿಂದ 7ರಲ್ಲಿ ಮನೆ ಕಟ್ಟಿರಿ, ತೋಟ ಮಾಡಿರಿ, ನೀವಿರುವ ಪಟ್ಟಣಕ್ಕಾಗಿ ಬೇಡಿಕೊಳ್ಳಿರಿ ಎಂದಿದೆ. ಬರುವ ನೇಮಕಾತಿಯಲ್ಲಿ ಹೆಸರು ಬರುತ್ತದೆ ಎಂದು ಎಲ್ಲಿಯೂ ಇಲ್ಲ. ‘ನನ್ನನ್ನು ಬಲಪಡಿಸುವಾತನಿಂದ ಎಲ್ಲವನ್ನೂ ಮಾಡಬಲ್ಲೆ’ ಎನ್ನುವ ಫಿಲಿಪ್ಪಿ 4:13ನ್ನು ಪರೀಕ್ಷೆಯ ಹಾಲ್ ಟಿಕೆಟ್ಟಿನ ಹಿಂದೆ ಬರೆಯುವವರು 11, 12ನೇ ವಚನ ಓದಲಿ. ಪೌಲ ಸೆರೆಯಲ್ಲಿ ಕೂತು, ಹೊಟ್ಟೆ ತುಂಬಿದ್ದರೂ ಹಸಿದಿದ್ದರೂ ಇರಲು ಕಲಿತಿದ್ದೇನೆ ಎಂದು ಬರೆದದ್ದು ಅದು.

ಓದುವ ಬಗೆ ಇಷ್ಟು: ಇಡೀ ಅಧ್ಯಾಯ ಓದಿ, ಇದನ್ನು ಯಾರು, ಯಾರಿಗೆ, ಯಾವ ಸ್ಥಿತಿಯಲ್ಲಿ ಹೇಳಿದ್ದು ಎಂದು ಬರೆದುಕೊಳ್ಳಿ, ಇದು ಏನನ್ನು ಹೇಳಿಲ್ಲ ಎಂದು ಒಂದು ಸಾಲು ಬರೆಯಿರಿ. ಆ ಕೊನೆಯದನ್ನು ಬಿಡಬೇಡಿ.

ಗುಬ್ಬಿಗಳ ಲೆಕ್ಕದಲ್ಲಿ ಇದನ್ನು ಮಾಡಿ ನೋಡೋಣ. ಮತ್ತಾಯ 10:29ರಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕ 12:6ರಲ್ಲಿ ಎರಡು ಕಾಸಿಗೆ ಐದು. ಮೂಲದ ಆ ಕಾಸು ಅಸ್ಸಾರಿಯನ್, ದೆನಾರಿಯಸ್ ಎಂಬ ಬೆಳ್ಳಿ ನಾಣ್ಯದ ಹದಿನಾರನೇ ಒಂದು ಪಾಲು. ದೆನಾರಿಯಸ್ ಅಂದರೆ ಮತ್ತಾಯ 20ರ ದ್ರಾಕ್ಷಿತೋಟದ ಆಳಿನ ಒಂದು ದಿನದ ಕೂಲಿ. ಬಡವರು ಕೊಳ್ಳುವ ಸರಕು ಅದು. ಎರಡು ಕಾಸಿಗೆ ನಾಲ್ಕೇ ಬರಬೇಕಿತ್ತು, ಐದು ಬಂತು. ಐದನೆಯದು ಸಂತೆಯಲ್ಲಿ ಕಾಯಿಪಲ್ಲೆಯವಳು ಮೇಲೆ ಹಾಕುವ ಕೊಸರಿನ ಹಾಗೆ. ಅದಕ್ಕೆ ದರವೇ ಇಲ್ಲ. ಇವುಗಳಲ್ಲಿ ಒಂದನ್ನೂ ದೇವರು ಮರೆತಿಲ್ಲ ಎನ್ನುವಾಗ ಆ ದರವಿಲ್ಲದ್ದೂ ಎಣಿಕೆಗೆ ಬಂತು. ಸಂಬಳ, ವರದಕ್ಷಿಣೆ, ಅಂಕಪಟ್ಟಿ ಮೂರರಲ್ಲೂ ‘ಲೆಕ್ಕಕ್ಕಿಲ್ಲ’ ಅನ್ನಿಸಿಕೊಂಡವರು ಇಲ್ಲಿ ತುಸು ಹೊತ್ತು ನಿಲ್ಲಬೇಕು. ಇನ್ನು, ಇದು ಏನನ್ನು ಹೇಳಿಲ್ಲ? ಗುಬ್ಬಿ ನೆಲಕ್ಕೆ ಬೀಳುವುದಿಲ್ಲ ಎಂದು ಹೇಳಿಲ್ಲ. ತಂದೆಯನ್ನು ಬಿಟ್ಟು ಬೀಳುವುದಿಲ್ಲ ಎಂದಷ್ಟೇ ಮತ್ತಾಯನಲ್ಲಿದೆ. ಬೀಳುತ್ತದೆ. ಬಿದ್ದದ್ದರಿಂದ ಎಣಿಕೆಯಿಂದ ಹೊರಗಾಗುವುದಿಲ್ಲ.

ನಿರಾಶೆ ಯಾವುದೋ ಅದಕ್ಕೆ ತಕ್ಕ ಭಾಗ ಆರಿಸಿಕೊಳ್ಳಿ. ಹುದ್ದೆ, ಪದವಿ ಕೈತಪ್ಪಿದವರಿಗೆ ಫಿಲಿಪ್ಪಿ 3:4ರಿಂದ 9. ಗಂಡನ ಮನೆಯಲ್ಲಿ ಬೇಡವಾದವರಿಗೆ ಆದಿಕಾಂಡ 29ರ ಲೇಯಾ, ಮನೆಯಿಂದಲೇ ಹೊರಬಿದ್ದವರಿಗೆ 16ನೇ ಅಧ್ಯಾಯದ ಹಾಗರಳು; ದಾಸಿಯಾಗಿದ್ದವಳು ದೇವರಿಗೇ ‘ನನ್ನನ್ನು ನೋಡುವಾತ’ ಎಂದು ಹೆಸರಿಟ್ಟಳು. ತಾವೇ ಮಾತಿಗೆ ತಪ್ಪಿ ಕುಗ್ಗಿದವರಿಗೆ ಯೋಹಾನ 21, ಯೇಸುವನ್ನು ಅರಿಯೆನೆಂದಿದ್ದ ಪೇತ್ರನಿಗೆ ಪ್ರಶ್ನೆಗಿಂತ ಮೊದಲು ಊಟ ಸಿಕ್ಕ ಬೆಳಗು.

ಮಕ್ಕಳಾಗದ ಹೆಣ್ಣುಮಕ್ಕಳಿಗೆ ಎಲ್ಲರೂ ಹನ್ನಳ ಕಥೆ ಹೇಳುತ್ತಾರೆ, ತಪ್ಪಾಗಿ ಹೇಳುತ್ತಾರೆ: ‘ನೀನೂ ಬೇಡಿಕೋ, ಸಮುವೇಲ ಹುಟ್ಟುತ್ತಾನೆ’ ಎಂದು. 1 ಸಮುವೇಲ 1:18 ನೋಡಿ. ಹನ್ನ ಎದ್ದು ಹೋಗಿ ಊಟ ಮಾಡಿದಳು, ಮುಖದ ದುಃಖ ಹೋಯಿತು. ಮಗು ಬರುವುದು 20ನೇ ವಚನದಲ್ಲಿ. ಅವಳ ಮುಖ ತಿಳಿಯಾದದ್ದು ಮಡಿಲು ಖಾಲಿ ಇದ್ದಾಗಲೇ. ಅವಳನ್ನು ಕುಡಿದವಳೆಂದು ಬೈದದ್ದು ಯಾಜಕನೇ ಎಂಬುದನ್ನೂ ಓದಿ.

ಕೇರಿಯ ಹೆಸರಿನಿಂದ ಅಳೆಯಿಸಿಕೊಂಡವರ ವಿಷಯ ಬೇರೆ. ಅವರ ಬಲಗಡೆಯ ಕಾಲಮ್ಮನ್ನು ಬರೆದದ್ದು ಅವರಲ್ಲ, ಊರು. ಯಾಕೋಬ 2:1ರಿಂದ 4ರಲ್ಲಿ ಚಿನ್ನದುಂಗುರದವನಿಗೆ ಒಳ್ಳೆಯ ಜಾಗ, ಬಡವನಿಗೆ ಕಾಲ್ಮಣೆಯ ಹತ್ತಿರ ಜಾಗ ಕೊಟ್ಟದ್ದನ್ನು ಮನಸ್ಸಿನ ಸಂಕಟ ಎನ್ನದೆ ಸಭೆಯ ತಪ್ಪು ಎಂದೇ ಕರೆದಿದೆ. ಅವಮಾನ ಮಾಡಿದವರ ತಪ್ಪನ್ನು ನಿಮ್ಮ ನಂಬಿಕೆಯ ಕೊರತೆಯ ಖಾತೆಗೆ ಬರೆದುಕೊಳ್ಳಬೇಡಿ. ಪೊಲೀಸ್ ಠಾಣೆಗೋ ಕೋರ್ಟಿಗೋ ಹೋಗಬೇಕಾದ ದೂರನ್ನು ಪ್ರಾರ್ಥನೆಯಲ್ಲಿ ಮುಗಿಸಬೇಕಾಗಿಯೂ ಇಲ್ಲ.

ಒಂದು ವಾರಕ್ಕೆ ಒಂದೇ ಭಾಗ. ಗೆರೆ ಹಾಕಿಟ್ಟ ಸಾಲುಗಳನ್ನು ಈಗ ತೆಗೆದು, ಒಂದೊಂದರ ಕೆಳಗೆ ಆ ಭಾಗದಿಂದ ಸಿಗುವ ಉತ್ತರ ಬರೆಯಿರಿ. ಉತ್ತರ ಸಿಗದ ಸಾಲು ಹಾಗೇ ಇರಲಿ. ಬರೆದ ತಕ್ಷಣ ಮನಸ್ಸು ಹಗುರಾಗುವುದಿಲ್ಲ. ನಂಬಿದ್ದೇನೆ ಅನ್ನುವುದಕ್ಕೂ ಹಾಗೆ ಅನಿಸುವುದಕ್ಕೂ ನಡುವೆ ತಿಂಗಳುಗಳ ಅಂತರ ಬೀಳಬಹುದು.

ಒಬ್ಬರಿಗೆ ಹೇಳಿ, ಒಬ್ಬರಿಗೇ

ಹೇಳಿಕೊಳ್ಳದೆ ಈ ಕೆಲಸ ಪೂರ್ತಿಯಾಗುವುದಿಲ್ಲ. ಆದರೆ ಮನೆ ಪ್ರಾರ್ಥನೆಯಲ್ಲಿ ‘ಪ್ರಾರ್ಥನಾ ವಿಷಯ’ ಎಂದು ಹೇಳಿದ್ದು ಮರುದಿನ ಬೆಳಗಿಗೆ ಗಂಗಾವತಿಯ ನೆಂಟರಿಗೂ ಮುಟ್ಟಿರುತ್ತದೆ. ಹಿಂದೆ ಯಾರ ಗುಟ್ಟನ್ನೂ ನಿಮ್ಮ ಮುಂದೆ ಬಿಚ್ಚದ ಒಬ್ಬರನ್ನು ಹುಡುಕಿ. ಹೀಗೆ ಕೇಳಿ: ‘ಅಕ್ಕಾ, ಅರ್ಧ ತಾಸು ಕೂತು ಕೇಳ್ರಿ, ಸಾಕು. ದಾರಿ ಹೇಳೂದು ಬ್ಯಾಡ. ಯಾರ ಮುಂದೂ ಅನ್ನಬ್ಯಾಡ್ರಿ.’ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಬಾಯಿ ಬಿಡದೆ ನೆಲದ ಮೇಲೆ ಕೂತಿದ್ದರು. ಅವರು ಸರಿಯಾಗಿ ಮಾಡಿದ್ದು ಅಷ್ಟೇ. ಬಾಯಿ ಬಿಟ್ಟ ಮೇಲೆ ಎಲ್ಲ ಕೆಟ್ಟಿತು.

ಹೆಣ್ಣುಮಕ್ಕಳು ಸಭಾಪಾಲಕರ ಹತ್ತಿರ ಹೋಗುವುದಾದರೆ ಅವರ ಪತ್ನಿ ಅಮ್ಮನವರೂ ಜೊತೆಗಿರಲಿ, ಬಾಗಿಲು ತೆರೆದಿರಲಿ. ಕಾಣಿಕೆ ಬಿತ್ತಿದರೆ ಮುಚ್ಚಿದ ಬಾಗಿಲು ತೆರೆಯುತ್ತದೆ ಎಂದು ಯಾರಾದರೂ ಹೇಳಿದರೆ ನಮಸ್ಕಾರ ಹೇಳಿ ಎದ್ದುಬನ್ನಿ. ಸಂಘದಿಂದ ಸಾಲ ಎತ್ತಿ ಕಾಣಿಕೆ ಹಾಕಿದವರಿಗೆ ಉಳಿಯುವುದು ವಾರದ ಕಂತು.

ಒಂದು ಸಣ್ಣ ಕೆಲಸ

ಎಲೀಯನಿಗೆ ಕೊನೆಯಲ್ಲಿ ಕೆಲಸ ಸಿಕ್ಕಿತು, ಎಲೀಷನೆಂಬ ಜೊತೆಗಾರ ಸಿಕ್ಕ, ‘ನಾನೊಬ್ಬನೇ ಉಳಿದೆ’ ಎಂಬ ಲೆಕ್ಕಕ್ಕೆ ಏಳು ಸಾವಿರ ಮಂದಿ ಇದ್ದಾರೆ ಎಂಬ ತಿದ್ದುಪಡಿಯೂ ಸಿಕ್ಕಿತು. ನಾಲ್ಕನೇ ವಾರದಿಂದ ನೀವೂ ಒಂದು ಕೆಲಸ ಹಿಡಿಯಿರಿ. ವಾರಕ್ಕೆ ಒಂದು ಅಥವಾ ಎರಡು ತಾಸು, ಹೆಚ್ಚಲ್ಲ. ಸೋತ ಕ್ಷೇತ್ರದ್ದೇ ಕೆಲಸ ಬೇಡ: ಶಿಕ್ಷಕರ ನೇಮಕಾತಿಯಲ್ಲಿ ಹೆಸರು ಬಾರದವರು ಟ್ಯೂಷನ್ನಿಗೆ ನಿಲ್ಲದೆ ಬೇರೆ ಏನಾದರೂ ಮಾಡಲಿ. ಶನಿವಾರ ಸಂಜೆ ಸಭೆಯ ಚಾಪೆ ಹಾಸುವುದು, ಪಿಂಚಣಿ ನಿಂತ ಅಜ್ಜಿಯನ್ನು ನಾಡಕಚೇರಿಗೆ ಕರೆದೊಯ್ಯುವುದು, ಇಂಥವು ಸಾಕು.

ಈ ಹೆಜ್ಜೆಯಲ್ಲಿ ಜಾರುವುದು ಸುಲಭ. ಎಫೆಸ 2:10ರ ಸತ್ಕಾರ್ಯದ ಮಾತು ಬರುವುದು 8, 9ರಲ್ಲಿ ‘ಇದು ನಿಮ್ಮಿಂದಾದದ್ದಲ್ಲ, ದೇವರ ವರ’ ಎಂದಾದ ಮೇಲೆ. ಸೇವೆಯಿಂದ ಬೆಲೆ ಗಳಿಸಲು ಹೊರಟರೆ ಹಳೆಯ ಪರೀಕ್ಷೆಗೇ ಹೊಸ ಅರ್ಜಿ ಹಾಕಿದಂತೆ. ಹಾಗಾಗಿದೆಯೇ ಎಂದು ತಿಳಿಯಲು, ಒಂದು ವಾರ ಬೇಕಂತಲೇ ಆ ಕೆಲಸ ತಪ್ಪಿಸಿ ನೋಡಿ. ಅಂದು ನೀವು ಮತ್ತೆ ‘ಬಾರದವ’ ಆಗಿಬಿಟ್ಟರೆ ಕೆಲಸ ನಿಲ್ಲಿಸಿ ಹಾಳೆಗೆ ವಾಪಸು ಬನ್ನಿ.

ಮಂದಿಯ ಮುಂದೆ

ಮದುವೆ, ತೊಟ್ಟಿಲು, ಕ್ರಿಸ್‌ಮಸ್ ಊಟ, ಎಲ್ಲಿ ಹೋದರೂ ‘ಏನಾತು ನಿಂದು?’ ಎಂಬ ಪ್ರಶ್ನೆ ಇರುತ್ತದೆ. ಮನೆಯಿಂದಲೇ ಒಂದು ವಾಕ್ಯ ಸಿದ್ಧ ಮಾಡಿಕೊಂಡು ಹೋಗಿ: ‘ಈ ಸಲ ಆಗ್ಲಿಲ್ಲ ಮಾವ. ನಿಮ್ದು ಊಟ ಆತೇನ್ರಿ?’ ಕಾರಣ ವಿವರಿಸಲು ನಿಂತರೆ ಎರಡನೇ ಪ್ರಶ್ನೆ ಬರುತ್ತದೆ, ಮೂರನೆಯದೂ ಬರುತ್ತದೆ.

ಭಾನುವಾರ ತಪ್ಪಿಸಬೇಡಿ, ಹಿಂದಿನ ಸಾಲಿನಲ್ಲಿ ಕೂತು, ಹಾಡದೆ, ಬರೀ ಕೇಳಿ ಬಂದರೂ ಆಯಿತು. ಸಾಕ್ಷಿ ಹೇಳಲು ಕರೆದರೆ ಇನ್ನೂ ಮುಗಿಯದ ವಿಷಯವನ್ನು ಮುಗಿದಂತೆ ಹೇಳಬೇಡಿ. ಹೇಳಿದ ಮಾತಿಗೆ ತಕ್ಕಂತೆ ನಗುತ್ತಾ ಇರಬೇಕಾಗುತ್ತದೆ, ಒಳಗಿನ ಗಾಯ ಅಡಗಿಕೊಳ್ಳುತ್ತದೆ. ‘ಈಗ ಬ್ಯಾಡ್ರಿ ಅಯ್ಯನವರೇ’ ಎಂದರೆ ಸಾಕು. ಒತ್ತಾಯ ಮಾಡಿದರೆ ಎದ್ದು ನಿಂತು ಕೀರ್ತನೆ 13 ಓದಿ ಕೂತುಬಿಡಿ. ಅದಕ್ಕೆ ಒಂದು ನಿಮಿಷ ಹಿಡಿಯುತ್ತದೆ.